ಜುಟ್ಟು ಲೂಪಿನ ಕೈಗೆ ಕೊಡಿ: ಕಿಟಕಿ, ಬಟನ್ ಇರುವ ಮೊದಲ ಪ್ರೋಗ್ರಾಮ್ ಬರೆಯುವುದು ಹೇಗೆ

ಫಾರ್ ಲೂಪ್ ಬರುತ್ತದೆ, ಇಫ್-ಎಲ್ಸ್ ಬರುತ್ತದೆ, ಫಂಕ್ಷನ್ ಬರೆಯಲೂ ಬರುತ್ತದೆ. ಕಪ್ಪು ಪರದೆಯಲ್ಲಿ ಹೆಸರು ಕೇಳಿ ನಮಸ್ಕಾರ ಹೇಳುವ ಪ್ರೋಗ್ರಾಮ್ ಬರೆದು ಬರೆದು ಬೇಜಾರಾಗಿದೆ. ಈಗ ಒಂದು ಕಿಟಕಿ ಬೇಕು, ಅದರಲ್ಲಿ ಬಟನ್ ಬೇಕು, ಒತ್ತಿದರೆ ಏನಾದರೂ ಆಗಬೇಕು. ಇಷ್ಟೇ ತಾನೆ ಅಂತ ಕೂತವರು ಅರ್ಧ ಗಂಟೆಯಲ್ಲಿ ತಲೆ ಕೆರೆದುಕೊಳ್ಳಲು ಶುರು ಮಾಡುತ್ತಾರೆ. ಬಟನ್ ಒತ್ತುವ ಮೊದಲೇ ಕೆಲಸ ಆಗಿಹೋಗಿರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಇಲ್ಲವೇ ಒಂದೇ ಒಂದು ಸಲ ಒತ್ತಿದ್ದಕ್ಕೆ ಇಡೀ ಕಿಟಕಿ ಮರಗಟ್ಟಿ ಕೂರುತ್ತದೆ, ಮುಚ್ಚಲು ಹೋದರೂ ಮುಚ್ಚುವುದಿಲ್ಲ.

ಇದು ಸಿಂಟ್ಯಾಕ್ಸ್ ಬಾರದ ತೊಂದರೆ ಅಲ್ಲ. ಇಲ್ಲಿಯವರೆಗೆ ಬರೆದ ಪ್ರೋಗ್ರಾಮ್‌ಗಳಲ್ಲಿ ಯಜಮಾನ ನೀವೇ ಆಗಿದ್ದಿರಿ. ಮೊದಲ ಸಾಲು ಮುಗಿದರೆ ಎರಡನೆಯದು, ಆಮೇಲೆ ಮೂರನೆಯದು. ಬಳಕೆದಾರನಿಗೆ ಏನಾದರೂ ಹೇಳಬೇಕಿದ್ದರೆ ನೀವು ಇನ್‌ಪುಟ್ ಕೇಳಿದಾಗ ಮಾತ್ರ ಹೇಳಬೇಕು. ಕಿಟಕಿ ಬಂದ ಕೂಡಲೇ ಇದು ತಿರುಗುಮುರುಗು ಆಗುತ್ತದೆ. ಅವನು ಮೊದಲು ಯಾವ ಬಟನ್ ಒತ್ತುತ್ತಾನೆ, ಒತ್ತುತ್ತಾನೋ ಇಲ್ಲವೋ, ಮಧ್ಯದಲ್ಲಿ ಕಿಟಕಿಯನ್ನು ಎಳೆದು ದೊಡ್ಡದು ಮಾಡುತ್ತಾನೋ, ಯಾವುದೂ ನಿಮಗೆ ಮೊದಲೇ ಗೊತ್ತಿಲ್ಲ. ಹಾಗಾಗಿ ಪ್ರೋಗ್ರಾಮಿನ ಜುಟ್ಟನ್ನು ಇವೆಂಟ್ ಲೂಪ್ ಎನ್ನುವುದರ ಕೈಗೆ ಕೊಡುತ್ತೀರಿ. ನಿಮ್ಮ ಫಂಕ್ಷನ್‌ಗಳು ಅದು ಕರೆದಾಗ ಬರುತ್ತವೆ, ಬೇಗ ಕೆಲಸ ಮುಗಿಸುತ್ತವೆ, ವಾಪಸ್ ಹೋಗುತ್ತವೆ. ಕಲಿಯುವವರು ಮಾಡುವ ಬಹುಪಾಲು ತಪ್ಪುಗಳು ಈ ಕರಾರನ್ನು ಮರೆತದ್ದರಿಂದಲೇ ಆಗುವುದು. ಕೆಳಗೆ ಒಂದು ಟೈಮರ್ ಮಾಡುತ್ತಾ ಆ ತಪ್ಪುಗಳನ್ನು ಬೇಕಂತಲೇ ಒಂದೊಂದಾಗಿ ಮಾಡಿ ನೋಡೋಣ.

ಸಾಮಾನು

ಪೈಥಾನ್ 3 ಮತ್ತು ಅದರ ಜೊತೆಗೇ ಬರುವ, ಕಿಟಕಿ-ಬಟನ್ ಮಾಡಿಕೊಡುವ ಟಿಕಿಂಟರ್ ಸಾಕು. ಟಿಕಿಂಟರ್ ಒಳಗಿರುವ ಟಿಕೆ ಎಂಬ ಲೈಬ್ರರಿ ಜಾನ್ ಔಸ್ಟರ್‌ಹೌಟ್ ಬರ್ಕ್ಲಿಯಲ್ಲಿದ್ದಾಗ ಮಾಡಿದ್ದು, 1991ರಿಂದ ಬಳಕೆಯಲ್ಲಿದೆ. ನೋಡಲು ಸ್ವಲ್ಪ ಹಳೇ ಕಾಲದ್ದು ನಿಜ. ಆದರೆ ಕಲಿಯಲು ಇದಕ್ಕಿಂತ ಕಡಿಮೆ ಗೋಜಿನದು ನನಗೆ ಸಿಕ್ಕಿಲ್ಲ. ಟರ್ಮಿನಲ್‌ನಲ್ಲಿ ಪೈಥಾನ್‌ಗೆ ಡ್ಯಾಶ್ ಎಂ ಹಾಕಿ ಟಿಕಿಂಟರ್ ಅಂತ ಕೊಟ್ಟರೆ ಪುಟ್ಟದೊಂದು ಪರೀಕ್ಷೆಯ ಕಿಟಕಿ ತೆರೆದುಕೊಳ್ಳಬೇಕು. ಉಬುಂಟು, ಡೆಬಿಯನ್‌ಗಳಲ್ಲಿ ಅದು ಬೇರೆ ಪ್ಯಾಕೇಜ್ ಆಗಿರುತ್ತದೆ, ಇಲ್ಲ ಅಂತ ಹೇಳಿದರೆ ಇನ್‌ಸ್ಟಾಲ್ ಮಾಡಿಕೊಳ್ಳಿ.

ಇನ್ನೊಂದು ಮಾತು. ಕೆಳಗಿನ ಕೋಡ್ ಅಚ್ಚು ಪೈಥಾನ್ ಅಲ್ಲ, ಪೈಥಾನ್ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದದ್ದು. ಟೈಪ್ ಮಾಡುವಾಗ ಡೆಫ್, ಇಫ್, ಬಟನ್, ಮೇನ್‌ಲೂಪ್ ಇವನ್ನೆಲ್ಲ ಮಾಮೂಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ನೀವೇ ಇಡುವ ಹೆಸರುಗಳು ಕನ್ನಡದಲ್ಲಿದ್ದರೂ ಪೈಥಾನ್ 3 ತಕರಾರು ಮಾಡುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಖಾಲಿ ಕಿಟಕಿ

ಟಿಕಿಂಟರ್‌ನಿಂದ ಎಲ್ಲವನ್ನೂ ಇಂಪೋರ್ಟ್ ಮಾಡಿಕೊಂಡ ಮೇಲೆ ಮೂರು ಸಾಲು.

ಕಿಟಕಿ = ಟಿಕೆ()
ಕಿಟಕಿ.ಟೈಟಲ್("ಟೈಮರ್")
ಕಿಟಕಿ.ಮೇನ್‌ಲೂಪ್()

ಮೊದಲೆರಡು ಸಾಲು ಸುಲಭ. ಮೂರನೆಯದರ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಅದರ ಕೆಳಗೆ ಒಂದು ಪ್ರಿಂಟ್ ಸಾಲು ಹಾಕಿ ಓಡಿಸಿ ನೋಡಿ. ಕಿಟಕಿ ಬರುತ್ತದೆ, ಪ್ರಿಂಟ್ ಆಗುವುದಿಲ್ಲ. ಕಿಟಕಿ ಮುಚ್ಚಿದ ಮೇಲೆ ಪ್ರಿಂಟ್ ಆಗುತ್ತದೆ. ಅಂದರೆ ನಿಮ್ಮ ಪ್ರೋಗ್ರಾಮ್ ಆ ಸಾಲಿನಲ್ಲೇ ನಿಂತಿತ್ತು, ಕಿಟಕಿ ಬದುಕಿರುವಷ್ಟು ಹೊತ್ತೂ. ಒಳಗೆ ನಡೆಯುತ್ತಿದ್ದದ್ದು ಸುಮಾರಾಗಿ ಇದು:

ಕಿಟಕಿ ತೆರೆದಿರುವ ತನಕ:
    ಸರದಿಗೆ ಏನಾದರೂ ಬರಲಿ ಅಂತ ಕಾಯಿ
    ಸರದಿಯಲ್ಲಿ ಮೊದಲಿರುವ ಇವೆಂಟ್ ತೆಗೆದುಕೊ
    ಇದು ಬಂದರೆ ನನ್ನನ್ನು ಕರೆ ಅಂತ ಯಾರಾದರೂ ಹೇಳಿಟ್ಟಿದ್ದಾರಾ ನೋಡು
    ಹೇಳಿದ್ದರೆ ಆ ಫಂಕ್ಷನ್ ಕರೆ, ಅದು ಮುಗಿಯುವ ತನಕ ಇಲ್ಲೇ ಇರು

ಇಷ್ಟೇ ಇವೆಂಟ್ ಲೂಪ್. ಇವೆಂಟ್ ಅಂದರೆ ಬಟನ್ ಒತ್ತುವುದು ಮಾತ್ರ ಅಲ್ಲ. ಮೌಸ್ ಒಂದಿಷ್ಟು ಸರಿದರೆ ಒಂದು ಇವೆಂಟ್, ಕೀಲಿ ಒತ್ತಿದರೆ ಒಂದು, ಬಿಟ್ಟರೆ ಇನ್ನೊಂದು. ಕಿಟಕಿಯ ಅಳತೆ ಬದಲಾದರೆ ಒಂದು. ಬೇರೆ ಕಿಟಕಿ ಮೇಲಿಂದ ಸರಿದು ನಿಮ್ಮದು ಮತ್ತೆ ಕಾಣಿಸಿಕೊಂಡಾಗ "ನಿನ್ನನ್ನು ನೀನೇ ಮತ್ತೆ ಬಿಡಿಸಿಕೊ" ಅಂತ ಬರುವುದೂ ಇವೆಂಟೇ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಎರಡನೇ ಸಾಲಿನ "ಕಾಯಿ" ಕೂಡ ಸುಮ್ನೆ ಅಲ್ಲ. ಏನೂ ಬಾರದಿದ್ದಾಗ ಪ್ರೋಗ್ರಾಮ್ ನಿಜವಾಗಿ ಮಲಗಿರುತ್ತದೆ, ಸಿಪಿಯು ತಿನ್ನುವುದಿಲ್ಲ. ಹೊಸಬರು ಕೆಲವರು ವೈಲ್ ಟ್ರೂ ಹಾಕಿ "ಬಟನ್ ಒತ್ತಿದನಾ, ಒತ್ತಿದನಾ" ಅಂತ ತಾವೇ ಕೇಳುತ್ತಾ ಕೂರುತ್ತಾರೆ. ಫ್ಯಾನ್ ಜೋರಾಗಿ ತಿರುಗುವುದು ಬಿಟ್ಟರೆ ಅದರಿಂದ ಏನೂ ಸಿಗುವುದಿಲ್ಲ.

ಪೈಥಾನ್ ಜೊತೆ ಬರುವ ಐಡಲ್ ಎಡಿಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಐಡಲ್ ಸ್ವತಃ ಟಿಕಿಂಟರ್‌ನಲ್ಲೇ ಬರೆದದ್ದು. ಹಾಗಾಗಿ ಮೇನ್‌ಲೂಪ್ ಸಾಲು ಮರೆತರೂ ಅದರೊಳಗೆ ಕಿಟಕಿ ಕೆಲಸ ಮಾಡಿಬಿಡಬಹುದು. ಅದೇ ಫೈಲನ್ನು ಹೊರಗಿಂದ ಓಡಿಸಿದರೆ ಕಿಟಕಿ ಮಿಂಚಿ ಮಾಯ.

ಬಟನ್, ಮತ್ತು ಎರಡು ಕಂಸಗಳ ಕಥೆ

ಡೆಫ್ ಶುರು():
    ಪ್ರಿಂಟ್("ಶುರುವಾಯಿತು")

ಬಟನ್_ಶುರು = ಬಟನ್(ಕಿಟಕಿ, ಟೆಕ್ಸ್ಟ್="ಶುರು", ಕಮಾಂಡ್=ಶುರು)
ಬಟನ್_ಶುರು.ಪ್ಯಾಕ್()

ಪ್ಯಾಕ್ ಅಂದರೆ ಬಟನ್ನನ್ನು ಕಿಟಕಿಯೊಳಗೆ ಕೂರಿಸುವುದು. ಇವು ಮೇನ್‌ಲೂಪ್ ಸಾಲಿಗಿಂತ ಮೇಲೆ ಬರಬೇಕು, ಕೆಳಗೆ ಹಾಕಿದರೆ ಕಿಟಕಿ ಮುಚ್ಚಿದ ಮೇಲೆ ಬಟನ್ ಮಾಡಲು ಹೊರಡುತ್ತದೆ.

ಈಗ ನೋಡಬೇಕಾದದ್ದು ಕಮಾಂಡ್=ಶುರು ಎನ್ನುವಲ್ಲಿ ಶುರು ಆದಮೇಲೆ ಕಂಸ ಇಲ್ಲ ಎನ್ನುವುದು. ಕಂಸ ಹಾಕಿದರೆ "ಈಗಲೇ ಓಡು" ಎಂದರ್ಥ. ಹಾಕದಿದ್ದರೆ "ಇದು ಅದರ ಹೆಸರು, ಬೇಕಾದಾಗ ಕರೆ" ಎಂದರ್ಥ. ಕಮಾಂಡ್=ಶುರು() ಅಂತ ಬರೆದರೆ ಬಟನ್ ಮಾಡುವ ಹೊತ್ತಿಗೇ ಫಂಕ್ಷನ್ ಓಡಿ ಮುಗಿಯುತ್ತದೆ, ಅದು ಏನೂ ಹಿಂದಿರುಗಿಸದ ಕಾರಣ ಬಟನ್‌ಗೆ ಸಿಗುವುದು ನನ್ (None), ಅಂದರೆ ಪೈಥಾನ್ ಭಾಷೆಯಲ್ಲಿ "ಏನೂ ಇಲ್ಲ". ಆಮೇಲೆ ಎಷ್ಟು ಒತ್ತಿದರೂ ಕರೆಯಲು ಏನೂ ಇಲ್ಲ.

ನಾನು ಇದನ್ನು ಕಲಿತದ್ದು ಕಷ್ಟಪಟ್ಟು. ಕೆಲಸಗಳ ಪಟ್ಟಿ ಇಡುವ ಒಂದು ಪ್ರೋಗ್ರಾಮ್ ಬರೆದಿದ್ದೆ, ಅದರಲ್ಲಿ "ಎಲ್ಲ ಅಳಿಸು" ಅಂತ ಒಂದು ಬಟನ್. ಪ್ರತಿ ದಿನ ಬೆಳಗ್ಗೆ ತೆರೆದರೆ ಪಟ್ಟಿ ಖಾಲಿ. ಫೈಲ್ ಸೇವ್ ಆಗುತ್ತಿಲ್ಲ ಅಂತ ಎರಡು ದಿನ ಫೈಲ್ ಬರೆಯುವ ಕೋಡನ್ನೇ ತಿರುವಿ ಹಾಕಿದೆ. ಸೇವ್ ಸರಿಯಾಗಿಯೇ ಆಗುತ್ತಿತ್ತು. ಅಳಿಸುವ ಬಟನ್ ಪರದೆ ಮೇಲೆ ಬರುವ ಮೊದಲೇ ತನ್ನ ಕೆಲಸ ಮುಗಿಸಿಕೊಂಡು ಬರುತ್ತಿತ್ತು, ಅಷ್ಟೇ. ಆ ಬಟನ್ ಒತ್ತಿದರೆ ಏನೂ ಆಗದೆ ಇದ್ದದ್ದನ್ನು ನಾನು ಗಮನಿಸಿಯೇ ಇರಲಿಲ್ಲ, ಯಾಕೆಂದರೆ ಅಳಿಸಲು ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ ಅಲ್ವಾ.

ಯಾವಾಗ ಓದಬೇಕು

ಎಷ್ಟು ನಿಮಿಷ ಅಂತ ಬರೆಯಲು ಒಂದು ಪೆಟ್ಟಿಗೆ ಬೇಕು, ಟಿಕಿಂಟರ್‌ನಲ್ಲಿ ಅದರ ಹೆಸರು ಎಂಟ್ರಿ. ಉಳಿದ ಸಮಯ ತೋರಿಸಲು ಒಂದು ಲೇಬಲ್.

ಪೆಟ್ಟಿಗೆ = ಎಂಟ್ರಿ(ಕಿಟಕಿ)
ಪೆಟ್ಟಿಗೆ.ಪ್ಯಾಕ್()
ಫಲಕ = ಲೇಬಲ್(ಕಿಟಕಿ, ಟೆಕ್ಸ್ಟ್="00:00")
ಫಲಕ.ಪ್ಯಾಕ್()

ಪ್ಯಾಕ್ ಅನ್ನು ಬೇರೆ ಸಾಲಿನಲ್ಲೇ ಬರೆಯಿರಿ. ಒಂದೇ ಸಾಲಲ್ಲಿ ಎಂಟ್ರಿ(ಕಿಟಕಿ).ಪ್ಯಾಕ್() ಅಂತ ಸೇರಿಸಿದರೆ ಪೆಟ್ಟಿಗೆ ಪರದೆ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಪೆಟ್ಟಿಗೆ ಎಂಬ ಹೆಸರಿನಲ್ಲಿ ಉಳಿಯುವುದು ಪ್ಯಾಕ್ ಹಿಂದಿರುಗಿಸಿದ ನನ್. ಕೂರಿಸಲು ಗ್ರಿಡ್ ಎಂಬ ಇನ್ನೊಂದು ಮೆಥಡ್ ಕೂಡ ಇದೆ, ಪ್ಯಾಕ್ ಮತ್ತು ಗ್ರಿಡ್ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬೆರೆಸಬೇಡಿ, ಈಗಿನ ಟಿಕೆ ನೇರವಾಗಿ ಎರರ್ ಕೊಡುತ್ತದೆ.

ಹೊಸಬರು ಇಲ್ಲಿ ಇನ್ನೊಂದು ಮಾಡುತ್ತಾರೆ. ಪೆಟ್ಟಿಗೆ ಮಾಡಿದ ಕೂಡಲೇ ಮುಂದಿನ ಸಾಲಿನಲ್ಲಿ ನಿಮಿಷ = ಪೆಟ್ಟಿಗೆ.ಗೆಟ್() ಅಂತ ಬರೆದು, ಆ ನಿಮಿಷವನ್ನು ಶುರು ಫಂಕ್ಷನ್ನಿನಲ್ಲಿ ಬಳಸುತ್ತಾರೆ. ಕಪ್ಪು ಪರದೆಯ ಅಭ್ಯಾಸ ಅದು, ಅಲ್ಲಿ ಇನ್‌ಪುಟ್ ಸಾಲು ಉತ್ತರ ಬರುವ ತನಕ ಕಾಯುತ್ತಿತ್ತು. ಗೆಟ್ ಕಾಯುವುದಿಲ್ಲ. ಈ ಕ್ಷಣ ಏನಿದೆಯೋ ಅದನ್ನು ಕೊಟ್ಟು ಮುಗಿಸುತ್ತದೆ, ಆ ಕ್ಷಣದಲ್ಲಿ ಕಿಟಕಿಯೇ ಇನ್ನೂ ಪರದೆಗೆ ಬಂದಿರುವುದಿಲ್ಲ. ಓದುವುದು ಬಟನ್ ಒತ್ತಿದಾಗ, ಅಂದರೆ ಶುರು ಫಂಕ್ಷನ್ನಿನ ಒಳಗೆ. ಕೋಡ್ ಫೈಲಿನಲ್ಲಿ ಯಾವ ಸಾಲು ಮೇಲಿದೆ ಯಾವುದು ಕೆಳಗಿದೆ ಎನ್ನುವುದಕ್ಕಿಂತ ಯಾವ ಸಾಲು ಯಾವ ಹೊತ್ತಿಗೆ ಓಡುತ್ತದೆ ಎನ್ನುವುದನ್ನು ನೋಡುವ ಕಣ್ಣು ಬೆಳೆಸಿಕೊಳ್ಳಿ. ನನ್ನ ಪ್ರಕಾರ ಈ ವಿಷಯದಲ್ಲಿ ಕಲಿಯಬೇಕಾದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ.

ಪೆಟ್ಟಿಗೆ ಖಾಲಿ ಬಿಟ್ಟು ಶುರು ಒತ್ತಿದರೆ? ಖಾಲಿಯನ್ನು ಇಂಟ್‌ಗೆ ಕೊಟ್ಟರೆ ವ್ಯಾಲ್ಯೂ ಎರರ್ ಬರುತ್ತದೆ. ಆದರೆ ಕಿಟಕಿ ಸಾಯುವುದಿಲ್ಲ. ಟಿಕಿಂಟರ್ ಎರರನ್ನು ಟರ್ಮಿನಲ್‌ನಲ್ಲಿ ಬರೆದು ಲೂಪಿಗೆ ವಾಪಸ್ ಹೋಗುತ್ತದೆ. ಟರ್ಮಿನಲ್ ಕಾಣದ ಹಾಗೆ ಓಡಿಸುತ್ತಿದ್ದರೆ "ಬಟನ್ ಕೆಲಸ ಮಾಡುತ್ತಿಲ್ಲ" ಅಂತಲೇ ಅನ್ನಿಸುವುದು. ಕಲಿಯುವಾಗ ಟರ್ಮಿನಲ್ ಪಕ್ಕದಲ್ಲೇ ತೆರೆದಿರಲಿ. ಆಮೇಲೆ ಟ್ರೈ-ಎಕ್ಸೆಪ್ಟ್ ಹಾಕಿ ಫಲಕದಲ್ಲಿ "ಅಂಕಿ ಬರೆಯಿರಿ" ಅಂತ ತೋರಿಸಿದರಾಯಿತು.

ಒಂದು ಸೆಕೆಂಡು ನಿಲ್ಲುವುದು ಹೇಗೆ

ಈಗ ಟೈಮರ್ ಓಡಬೇಕು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ:

ಡೆಫ್ ಶುರು():
    ಉಳಿದದ್ದು = ಇಂಟ್(ಪೆಟ್ಟಿಗೆ.ಗೆಟ್()) * 60
    ವೈಲ್ ಉಳಿದದ್ದು > 0:
        ಫಲಕ.ಕಾನ್ಫಿಗ್(ಟೆಕ್ಸ್ಟ್=ಉಳಿದದ್ದು)
        ಟೈಮ್.ಸ್ಲೀಪ್(1)
        ಉಳಿದದ್ದು = ಉಳಿದದ್ದು - 1

ದಯವಿಟ್ಟು ಇದನ್ನು ಒಮ್ಮೆ ಓಡಿಸಿಯೇ ನೋಡಿ, 1 ನಿಮಿಷಕ್ಕೆ. ಬಟನ್ ಒಳಗೆ ಒತ್ತಿಕೊಂಡ ಹಾಗೇ ಇರುತ್ತದೆ. ಅಂಕಿ ಬದಲಾಗುವುದಿಲ್ಲ. ಕಿಟಕಿಯನ್ನು ದೊಡ್ಡದು ಮಾಡಿದರೆ ಹೊಸ ಜಾಗ ಖಾಲಿ ಬಿದ್ದಿರುತ್ತದೆ. ವಿಂಡೋಸ್ ಆದರೆ ಸುಮಾರು 5 ಸೆಕೆಂಡಿನ ಮೇಲೆ "ಪ್ರತಿಕ್ರಿಯಿಸುತ್ತಿಲ್ಲ" ಅಂತ ಕಿಟಕಿಯ ತಲೆಯ ಮೇಲೆ ಬರೆಯುತ್ತದೆ. ಒಂದು ನಿಮಿಷ ಕಳೆದ ಮೇಲೆ ಒಮ್ಮೆಲೇ ಜೀವ ಬಂದು ಕೊನೆಯ ಅಂಕಿ ಮಾತ್ರ ಕಾಣುತ್ತದೆ.

ಯಾಕೆ? ಲೂಪ್ ಶುರು ಫಂಕ್ಷನ್ ಕರೆದು ಅದು ಮುಗಿಯಲಿ ಅಂತ ನಿಂತಿದೆ. ಶುರು ಒಂದು ನಿಮಿಷ ಮುಗಿಯುವುದಿಲ್ಲ. ಕಾನ್ಫಿಗ್ ಸಾಲು ಓಡಿದ್ದು ನಿಜ, ಆದರೆ ಅದು ಪರದೆ ಮೇಲೆ ಬರೆಯುವುದಿಲ್ಲ, "ಈ ಫಲಕವನ್ನು ಮತ್ತೆ ಬಿಡಿಸಬೇಕು" ಅಂತ ಗುರುತು ಹಾಕಿಡುತ್ತದೆ. ಬಿಡಿಸುವ ಕೆಲಸ ಲೂಪಿನದು, ಮತ್ತು ಲೂಪ್ ನಿಮಗಾಗಿ ಕಾಯುತ್ತಾ ನಿಂತಿದೆ. ಮೌಸ್, ಕೀಲಿ, ಮುಚ್ಚು ಎಲ್ಲವೂ ಸರದಿಯಲ್ಲಿ ಹಿಂದೆ ಸಾಲುಗಟ್ಟಿವೆ. ಜುಟ್ಟು ಕೊಟ್ಟಂತೆ ಮಾಡಿ ಹಿಂದಿನಿಂದ ಎಳೆದುಕೊಂಡ ಹಾಗೆ ಇದು.

ಇದಕ್ಕೆ ಅಪ್‌ಡೇಟ್ ಎಂಬ ಮೆಥಡನ್ನು ವೈಲ್ ಒಳಗೆ ಕರೆದುಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅಂಕಿ ಓಡುತ್ತದೆ, ನಿಜ. ಆದರೆ ಅಪ್‌ಡೇಟ್ ಸರದಿಯಲ್ಲಿರುವ ಎಲ್ಲವನ್ನೂ ನಡೆಸುತ್ತದೆ, ಶುರು ಬಟನ್ನನ್ನು ಮತ್ತೆ ಒತ್ತಿದ್ದನ್ನೂ. ಆಗ ಶುರು ಫಂಕ್ಷನ್ನಿನ ಹೊಟ್ಟೆಯೊಳಗೆ ಇನ್ನೊಂದು ಶುರು ಓಡಲು ಶುರುವಾಗುತ್ತದೆ. ಬೇಡ ಆ ಸಹವಾಸ.

ಸರಿಯಾದ ದಾರಿ ಕಾಯುವ ಕೆಲಸವನ್ನೂ ಲೂಪಿಗೇ ಒಪ್ಪಿಸುವುದು. ಟಿಕಿಂಟರ್‌ನಲ್ಲಿ ಅದಕ್ಕೆ ಆಫ್ಟರ್ ಎಂಬ ಮೆಥಡ್ ಇದೆ. ಇಷ್ಟು ಮಿಲಿಸೆಕೆಂಡ್ ಆದ ಮೇಲೆ ಈ ಫಂಕ್ಷನ್ ಕರೆ ಅಂತ ಹೇಳಿ ವಾಪಸ್ ಬಂದುಬಿಡುತ್ತದೆ.

ಉಳಿದದ್ದು = 0

ಡೆಫ್ ಶುರು():
    ಗ್ಲೋಬಲ್ ಉಳಿದದ್ದು
    ಉಳಿದದ್ದು = ಇಂಟ್(ಪೆಟ್ಟಿಗೆ.ಗೆಟ್()) * 60
    ತೋರಿಸು()
    ಕಿಟಕಿ.ಆಫ್ಟರ್(1000, ಟಿಕ್)

ಡೆಫ್ ಟಿಕ್():
    ಗ್ಲೋಬಲ್ ಉಳಿದದ್ದು
    ಉಳಿದದ್ದು = ಉಳಿದದ್ದು - 1
    ತೋರಿಸು()
    ಇಫ್ ಉಳಿದದ್ದು > 0:
        ಕಿಟಕಿ.ಆಫ್ಟರ್(1000, ಟಿಕ್)

ತೋರಿಸು ಎನ್ನುವುದು ಸೆಕೆಂಡುಗಳನ್ನು ಡಿವ್‌ಮಾಡ್ (ಭಾಗಲಬ್ಧ, ಶೇಷ ಎರಡನ್ನೂ ಕೊಡುವ ಫಂಕ್ಷನ್) ಬಳಸಿ ನಿಮಿಷ, ಸೆಕೆಂಡಾಗಿ ಒಡೆದು ಫಲಕದಲ್ಲಿ ಹಾಕುವ ಪುಟ್ಟ ಫಂಕ್ಷನ್. ಅದನ್ನು ನೀವೇ ಬರೆದುಕೊಳ್ಳಿ.

ವೈಲ್ ಎಲ್ಲಿ ಹೋಯಿತು ನೋಡಿ. ಟಿಕ್ ಒಂದೇ ಒಂದು ಸೆಕೆಂಡಿನ ಕೆಲಸ ಮಾಡಿ, ಮುಂದಿನ ಸಲಕ್ಕೆ ತನ್ನ ಹೆಸರನ್ನು ತಾನೇ ಬರೆಸಿ, ಮನೆಗೆ ಹೋಗುತ್ತದೆ. ಮಧ್ಯದ ಸೆಕೆಂಡೆಲ್ಲ ಲೂಪ್ ಬಿಡುವಾಗಿರುತ್ತದೆ, ಕಿಟಕಿ ಸಲೀಸಾಗಿ ಎಳೆದಾಡಬಹುದು. ಮೊದಲು ಉಳಿದದ್ದು ಒಂದು ಫಂಕ್ಷನ್ನಿನ ಒಳಗಿನ ಸಂಗತಿಯಾಗಿತ್ತು, ಈಗ ಹೊರಗೆ ಬಂತು. ಇದೂ ಹೊಸ ಅಭ್ಯಾಸವೇ. ಫಂಕ್ಷನ್‌ಗಳು ಬಂದು ಹೋಗುವವು, ನೆನಪು ಅವುಗಳಾಚೆ ಎಲ್ಲೋ ಇರಬೇಕು. ಗ್ಲೋಬಲ್ ಪದ ಕಂಡರೆ ಮೂಗು ಮುರಿಯುವವರಿದ್ದಾರೆ, ಪ್ರೋಗ್ರಾಮ್ ದೊಡ್ಡದಾದರೆ ಅವರು ಹೇಳುವುದು ಸರಿ, ಆಗ ಎಲ್ಲವನ್ನೂ ಒಂದು ಕ್ಲಾಸ್ ಒಳಗೆ ಇಡಿ. ಮೊದಲ ದಿನ ಕ್ಲಾಸನ್ನೂ ಇವೆಂಟನ್ನೂ ಒಟ್ಟಿಗೆ ಕಲಿಯುವುದು ಬೇಡ. ಆದರೆ ಗ್ಲೋಬಲ್ ಸಾಲು ಮರೆತರೆ ಶುರು ತನ್ನದೇ ಬೇರೆ ಉಳಿದದ್ದು ಮಾಡಿಕೊಂಡು ಸದ್ದಿಲ್ಲದೆ ಹೊರಟುಹೋಗುತ್ತದೆ, ಹುಷಾರು.

ಎರಡು ಸಲ ಒತ್ತಿದರೆ

ಟೈಮರ್ ಓಡುತ್ತಿರುವಾಗ ಶುರು ಇನ್ನೊಮ್ಮೆ ಒತ್ತಿ. ಅಂಕಿ ಎರಡು ಪಟ್ಟು ವೇಗದಲ್ಲಿ ಇಳಿಯುತ್ತದೆ. ಮೂರು ಸಲ ಒತ್ತಿದರೆ ಮೂರು ಪಟ್ಟು. ಪ್ರತಿ ಒತ್ತಿಗೂ ಒಂದೊಂದು ಟಿಕ್ ಸರಪಳಿ ಹುಟ್ಟಿದೆ, ಎಲ್ಲವೂ ಒಂದೇ ಅಂಕಿಯಿಂದ ಕಳೆಯುತ್ತಿವೆ. ಕೊನೆಗೆ ಒಂದು ಸರಪಳಿ ಸೊನ್ನೆ ಮುಟ್ಟಿ ನಿಂತರೂ ಇನ್ನೊಂದು ಬಂದು ಇನ್ನೊಂದು ಸೆಕೆಂಡು ಕಳೆಯುತ್ತದೆ, ಡಿವ್‌ಮಾಡ್ ಬಳಸಿದ್ದರೆ ಫಲಕದ ಮೇಲೆ "-1:59" ಅಂತ ವಿಚಿತ್ರ ಅಂಕಿ. ಮೊದಲ ಸಲ ನೋಡಿದವರು ಗಣಿತ ತಪ್ಪಿದೆ ಅಂದುಕೊಳ್ಳುತ್ತಾರೆ.

ಆಫ್ಟರ್ ಕರೆದಾಗಲೆಲ್ಲ ಅದು ಒಂದು ಗುರುತು ಕೊಡುತ್ತದೆ. ಅದನ್ನು ಎಸೆಯದೆ ಇಟ್ಟುಕೊಂಡರೆ ಆಫ್ಟರ್_ಕ್ಯಾನ್ಸಲ್ ಕರೆದು ಆ ಬರಹವನ್ನು ಹೊಡೆದುಹಾಕಬಹುದು.

ಡೆಫ್ ನಿಲ್ಲಿಸು():
    ಗ್ಲೋಬಲ್ ಗುರುತು
    ಇಫ್ ಗುರುತು:
        ಕಿಟಕಿ.ಆಫ್ಟರ್_ಕ್ಯಾನ್ಸಲ್(ಗುರುತು)
        ಗುರುತು = ನನ್

ಗುರುತು ಕೂಡ ಉಳಿದದ್ದು ಹಾಗೆ ಹೊರಗೇ ಇರಬೇಕು, ಮೊದಲಿಗೆ ನನ್. ಶುರು ಮತ್ತು ಟಿಕ್ ಒಳಗೆ ಗುರುತು = ಕಿಟಕಿ.ಆಫ್ಟರ್(1000, ಟಿಕ್) ಅಂತ ಬದಲಿಸಿ, ಅಲ್ಲಿನ ಗ್ಲೋಬಲ್ ಸಾಲಿಗೆ ಗುರುತನ್ನೂ ಸೇರಿಸಿ. ಶುರುವಿನ ಮೊದಲ ಕೆಲಸವೇ ನಿಲ್ಲಿಸು() ಕರೆಯುವುದು. ನಿಲ್ಲಿಸು ಬಟನ್ ಕೂಡ ಬಿಟ್ಟಿ ಸಿಕ್ಕಿತು. ಬೇರೆ ದಾರಿಯೂ ಇದೆ, ಓಡುತ್ತಿರುವಾಗ ಶುರು ಬಟನ್ನನ್ನೇ ಮಂಕು ಮಾಡಿ ಒತ್ತಲು ಬಾರದಂತೆ ಇಡುವುದು. ಬಳಸುವವರಿಗೆ ಅದು ಚೆಂದ, ಆದರೆ ನಾನು ಎರಡನ್ನೂ ಮಾಡುತ್ತೇನೆ. ಯಾಕೆಂದರೆ ಶುರುವನ್ನು ಕರೆಯಲು ಬಟನ್ ಒಂದೇ ದಾರಿ ಆಗಿರುವುದಿಲ್ಲ, ಈಗಲೇ ಎಂಟರ್ ಕೀಲಿಯೂ ಬರುತ್ತದೆ ನೋಡಿ.

ಅದಕ್ಕೂ ಮೊದಲು ಸಮಯದ ನಿಖರತೆ. ಆಫ್ಟರ್ 1000 ಅಂದರೆ "ಕಡಿಮೆ ಅಂದರೆ 1000 ಮಿಲಿಸೆಕೆಂಡು" ಎಂದರ್ಥ, ಸರಿಯಾಗಿ 1000 ಅಲ್ಲ. ಲೂಪ್ ಬೇರೆ ಕೆಲಸದಲ್ಲಿದ್ದರೆ ತಡವಾಗುತ್ತದೆ. ಒಂದು ಟಿಕ್‌ಗೆ 5 ಮಿಲಿಸೆಕೆಂಡು ತಡ ಅಂದುಕೊಂಡರೂ 25 ನಿಮಿಷಕ್ಕೆ, ಅಂದರೆ 1500 ಟಿಕ್‌ಗೆ, 7.5 ಸೆಕೆಂಡು ಹಿಂದೆ ಬಿದ್ದಿರುತ್ತೀರಿ. ಹಾಗಾಗಿ ಟಿಕ್‌ಗಳನ್ನು ಎಣಿಸಬೇಡಿ. ಶುರು ಒತ್ತಿದಾಗ ಟೈಮ್ ಮಾಡ್ಯೂಲಿನ ಮೊನೊಟಾನಿಕ್ (ಎಂದೂ ಹಿಂದೆ ಹೋಗದ ಗಡಿಯಾರ) ಫಂಕ್ಷನ್ ಕರೆದು, ಅದಕ್ಕೆ ಬೇಕಾದ ಸೆಕೆಂಡು ಕೂಡಿ, ಮುಗಿಯುವ ಹೊತ್ತು ಇಟ್ಟುಕೊಳ್ಳಿ. ಪ್ರತಿ ಟಿಕ್‌ನಲ್ಲೂ ಮುಗಿಯುವ ಹೊತ್ತಿನಿಂದ ಈಗಿನ ಹೊತ್ತು ಕಳೆದರೆ ಉಳಿದದ್ದು ಬರುತ್ತದೆ. ಟಿಕ್ ತಡವಾದರೂ ಲೆಕ್ಕ ತಪ್ಪುವುದಿಲ್ಲ. ಆಗ ಆಫ್ಟರ್ ಅನ್ನು 200ಕ್ಕೆ ಇಳಿಸಿದರೆ ಅಂಕಿ ಹಾರದೆ ಇಳಿಯುತ್ತದೆ. ಮಾಮೂಲಿ ಗಡಿಯಾರ ಬೇಡ, ಅದನ್ನು ಯಾರಾದರೂ ಮಧ್ಯದಲ್ಲಿ ತಿದ್ದಿದರೆ ಟೈಮರ್ ಕೂಡ ಜಿಗಿಯುತ್ತದೆ.

ಕೀಲಿ, ಮತ್ತು ಮೂರು ಬಟನ್

ಪೆಟ್ಟಿಗೆಯಲ್ಲಿ ಅಂಕಿ ಬರೆದವರ ಬೆರಳು ತಾನಾಗಿ ಎಂಟರ್ ಕಡೆ ಹೋಗುತ್ತದೆ. ಪೆಟ್ಟಿಗೆ.ಬೈಂಡ್("<ರಿಟರ್ನ್>", ಶುರು) ಅಂತ ಕೊಟ್ಟು ಒತ್ತಿದರೆ ಎರರ್. ಬೈಂಡ್ ಮೂಲಕ ಕರೆಯುವಾಗ ಲೂಪ್ ಬರಿಗೈಯಲ್ಲಿ ಬರುವುದಿಲ್ಲ, ಇವೆಂಟ್ ಎಂಬ ಒಂದು ಚೀಟಿ ತರುತ್ತದೆ, ಅದರಲ್ಲಿ ಯಾವ ಕೀಲಿ, ಮೌಸ್ ಎಲ್ಲಿತ್ತು, ಯಾವ ಪೆಟ್ಟಿಗೆ ಎಂಬ ವಿವರ ಇರುತ್ತದೆ. ಕಮಾಂಡ್ ಮೂಲಕ ಕರೆದಾಗ ಚೀಟಿ ಇಲ್ಲ. ಎರಡಕ್ಕೂ ಒಗ್ಗಬೇಕಾದರೆ ಡೆಫ್ ಶುರು(ಇವೆಂಟ್=ನನ್) ಅಂತ ಬರೆಯಿರಿ, ಮುಗಿಯಿತು. ಕೀಲಿಯ ಇವೆಂಟ್ ಹೋಗುವುದು ಫೋಕಸ್ ಇರುವ ಕಡೆಗೆ ಮಾತ್ರ. ಎಂಟರ್ ಕೆಲಸ ಮಾಡುತ್ತಿಲ್ಲ ಅಂದರೆ ಪೆಟ್ಟಿಗೆಯಲ್ಲಿ ಕರ್ಸರ್ ಮಿನುಗುತ್ತಿದೆಯಾ ಅಂತ ಮೊದಲು ನೋಡಿ.

ಆಮೇಲೆ 5, 10, 25 ನಿಮಿಷಕ್ಕೆ ಒಂದೊಂದು ಬಟನ್ ಇಡೋಣ ಅನ್ನಿಸುತ್ತದೆ. ಫಾರ್ ಲೂಪಿನಲ್ಲಿ ಮೂರನ್ನೂ ಮಾಡಿ, ಪ್ರತಿಯೊಂದಕ್ಕೂ ಕಮಾಂಡ್=ಲ್ಯಾಂಬ್ಡಾ: ಇಡು(ನಿಮಿಷ) ಅಂತ ಕೊಡುತ್ತೀರಿ. ಲ್ಯಾಂಬ್ಡಾ ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಇಡು ಅಂದರೆ ಆ ನಿಮಿಷವನ್ನು ಟೈಮರ್‌ಗೆ ಇಡಲು ನೀವೇ ಬರೆಯುವ ಫಂಕ್ಷನ್. ಯಾವುದನ್ನು ಒತ್ತಿದರೂ 25! ಲ್ಯಾಂಬ್ಡಾ ನಿಮಿಷದ ಬೆಲೆಯನ್ನು ಬರೆದಿಟ್ಟುಕೊಂಡಿಲ್ಲ, ನಿಮಿಷ ಎಂಬ ಹೆಸರನ್ನು ಮಾತ್ರ ಇಟ್ಟುಕೊಂಡಿದೆ. ಒತ್ತುವ ಹೊತ್ತಿಗೆ ಫಾರ್ ಮುಗಿದು ಆ ಹೆಸರಿನಲ್ಲಿ 25 ಕೂತಿದೆ. ಮತ್ತೆ ಅದೇ ಪ್ರಶ್ನೆ, ಯಾವ ಸಾಲು ಯಾವಾಗ ಓಡುತ್ತದೆ. ಲ್ಯಾಂಬ್ಡಾ ನಿಮಿಷ=ನಿಮಿಷ: ಇಡು(ನಿಮಿಷ) ಅಂತ ಬರೆದರೆ ಬಟನ್ ಮಾಡುವಾಗಲೇ ಬೆಲೆ ಹಿಡಿದಿಟ್ಟುಕೊಳ್ಳುತ್ತದೆ.

ನಿಜವಾಗಿಯೂ ಹೊತ್ತು ಹಿಡಿಯುವ ಕೆಲಸ

ಟೈಮರ್ ಕಾಯುವುದು ಮಾತ್ರ, ಅದನ್ನು ಆಫ್ಟರ್ ನೋಡಿಕೊಂಡಿತು. ಆದರೆ ದೊಡ್ಡ ಫೈಲ್ ಇಳಿಸಬೇಕು, ಸಾವಿರ ಚಿತ್ರ ಸಣ್ಣದು ಮಾಡಬೇಕು ಅಂದರೆ? ಬಳಕೆಯ ಸುಲಭತೆಯ ಬಗ್ಗೆ ಬಹಳ ಕೆಲಸ ಮಾಡಿದ ಜೇಕಬ್ ನೀಲ್ಸನ್ ಹೇಳುವ ಲೆಕ್ಕದಲ್ಲಿ 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆಯಿತು ಅನ್ನಿಸುತ್ತದೆ, 1 ಸೆಕೆಂಡು ದಾಟಿದರೆ ಯೋಚನೆಯ ಓಟ ಕಡಿಯುತ್ತದೆ, 10 ದಾಟಿದರೆ ಜನ ಬೇರೆ ಕೆಲಸಕ್ಕೆ ತಿರುಗುತ್ತಾರೆ. ನಿಮ್ಮ ಫಂಕ್ಷನ್ 0.1 ಸೆಕೆಂಡಿನೊಳಗೆ ವಾಪಸ್ ಬರುತ್ತದಾ ಅಂತ ಕೇಳಿಕೊಳ್ಳಿ. ಬರದಿದ್ದರೆ ಅದನ್ನು ಬೇರೆ ಥ್ರೆಡ್‌ಗೆ, ಅಂದರೆ ಅದೇ ಪ್ರೋಗ್ರಾಮಿನೊಳಗೆ ಲೂಪಿನ ಪಕ್ಕದಲ್ಲಿ ಓಡುವ ಇನ್ನೊಂದು ಎಳೆಗೆ ಕಳಿಸಿ.

ಅಲ್ಲಿ ಒಂದೇ ನಿಯಮ, ಆದರೆ ಗಟ್ಟಿ ನಿಯಮ. ಬೇರೆ ಥ್ರೆಡ್‌ನಿಂದ ಫಲಕ, ಬಟನ್, ಪೆಟ್ಟಿಗೆ ಯಾವುದನ್ನೂ ಮುಟ್ಟಬೇಡಿ. ಒಮ್ಮೊಮ್ಮೆ ಕೆಲಸ ಮಾಡಿದಂತೆ ಕಾಣುತ್ತದೆ, ಅದೇ ಅಪಾಯ. ಆ ಥ್ರೆಡ್ ತನ್ನ ಫಲಿತಾಂಶವನ್ನು ಒಂದು ಕ್ಯೂ (ಸರದಿ) ಒಳಗೆ ಹಾಕಲಿ. ಲೂಪಿನ ಕಡೆಯ ಫಂಕ್ಷನ್ ಒಂದು, ಆಫ್ಟರ್ 100 ಇಟ್ಟುಕೊಂಡು, ಕ್ಯೂನಲ್ಲಿ ಏನಾದರೂ ಬಂದಿದೆಯಾ ಅಂತ ಇಣುಕಿ ನೋಡಿ, ಬಂದಿದ್ದರೆ ಫಲಕ ಬದಲಿಸಲಿ. ಇಣುಕುವಾಗ ಕಾಯದೆ ತೆಗೆಯುವ ಗೆಟ್_ನೋವೈಟ್ ಬಳಸಿ. ಮಾಮೂಲಿ ಗೆಟ್ ಹಾಕಿದರೆ ಅದು ಕಾಯುತ್ತಾ ಕೂತು ಕಿಟಕಿ ಮತ್ತೆ ಕಲ್ಲು.

ಇದೆಲ್ಲ ಟಿಕಿಂಟರ್‌ನ ತರಲೆ ಅಂದುಕೊಳ್ಳಬೇಡಿ. ಜಾವಾದ ಕಿಟಕಿ ಲೈಬ್ರರಿ ಸ್ವಿಂಗ್‌ನಲ್ಲೂ ಪರದೆ ಮುಟ್ಟುವ ಹಕ್ಕು ಒಂದೇ ಥ್ರೆಡ್‌ಗೆ. ಆಂಡ್ರಾಯ್ಡ್‌ನಲ್ಲಿ ಮುಖ್ಯ ಥ್ರೆಡ್ 5 ಸೆಕೆಂಡು ಮುಟ್ಟಿದ್ದಕ್ಕೆ ಓಗೊಡದಿದ್ದರೆ ಆಪ್ ಮುಚ್ಚಬೇಕಾ ಅಂತ ಫೋನೇ ಕೇಳುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೇನ್‌ಲೂಪ್ ಸಾಲು ಬರೆಯಬೇಕಿಲ್ಲ, ಬ್ರೌಸರ್ ಲೂಪನ್ನು ಮೊದಲೇ ಓಡಿಸುತ್ತಿರುತ್ತದೆ. ಬೈಂಡ್ ಬದಲು ಆಡ್‌ಇವೆಂಟ್‌ಲಿಸನರ್, ಆಫ್ಟರ್ ಬದಲು ಸೆಟ್‌ಟೈಮ್‌ಔಟ್. ಎರಡು ಕಂಸಗಳ ತಪ್ಪು ಅಲ್ಲೂ ಹಾಗೇ ಇದೆ, ಹೆಸರೊಂದೇ ಬೇರೆ.

ಮುಚ್ಚುವುದು

ಕಿಟಕಿಯ ಮೂಲೆಯ ಎಕ್ಸ್ ಒತ್ತುವುದೂ ಒಂದು ಇವೆಂಟ್. ಟೈಮರ್ ಓಡುತ್ತಿದ್ದರೆ "ನಿಜವಾಗಿ ಮುಚ್ಚಬೇಕಾ" ಅಂತ ಕೇಳಬೇಕಿದ್ದರೆ ಪ್ರೊಟೊಕಾಲ್ ಎಂಬ ಮೆಥಡ್‌ಗೆ ನಿಮ್ಮ ಫಂಕ್ಷನ್ನಿನ ಹೆಸರು ಕೊಡಿ. ಕೊಟ್ಟ ಮೇಲೆ ಮುಚ್ಚುವ ಜವಾಬ್ದಾರಿಯೂ ನಿಮ್ಮದೇ. ಆ ಫಂಕ್ಷನ್ನಿನ ಕೊನೆಯಲ್ಲಿ ಕಿಟಕಿ.ಡೆಸ್ಟ್ರಾಯ್() ಬರೆಯಲು ಮರೆತರೆ ಎಷ್ಟು ಸಲ ಎಕ್ಸ್ ಒತ್ತಿದರೂ ಕಿಟಕಿ ಜಪ್ಪಯ್ಯ ಅನ್ನುವುದಿಲ್ಲ. ಬೇರೆ ಥ್ರೆಡ್ ಓಡುತ್ತಿದ್ದರೆ ಅದನ್ನು ಹುಟ್ಟಿಸುವಾಗಲೇ ಡೀಮನ್ ಅಂತ ಗುರುತು ಹಾಕಿ, ಇಲ್ಲದಿದ್ದರೆ ಕಿಟಕಿ ಹೋದಮೇಲೂ ಪೈಥಾನ್ ಆ ಥ್ರೆಡ್ ಮುಗಿಯುವ ತನಕ ಹಿಂದೆ ಉಳಿದಿರುತ್ತದೆ.

ಇಷ್ಟು ಆದಮೇಲೆ ನೀವೇ ಒಂದು ವಿರಾಮ ಬಟನ್ ಸೇರಿಸಿ. ನಿಲ್ಲಿಸು ಕರೆದರೆ ಸಾಕು ಅನ್ನಿಸುತ್ತದೆ, ಸಾಲದು. ನಾವು ಇಟ್ಟುಕೊಂಡಿರುವುದು ಮುಗಿಯುವ ಹೊತ್ತು, ವಿರಾಮದಲ್ಲಿರುವಾಗಲೂ ಗಡಿಯಾರ ಮುಂದೆ ಹೋಗುತ್ತಲೇ ಇರುತ್ತದೆ. ಹತ್ತು ನಿಮಿಷ ವಿರಾಮ ಕೊಟ್ಟು ಮತ್ತೆ ಶುರು ಮಾಡಿದರೆ ಆ ಹತ್ತು ನಿಮಿಷವೂ ಕಳೆದುಹೋಗಿರುತ್ತದೆ. ವಿರಾಮ ಒತ್ತಿದ ಕ್ಷಣ ಉಳಿದ ಸೆಕೆಂಡುಗಳನ್ನು ತೆಗೆದಿಟ್ಟುಕೊಂಡು, ಮತ್ತೆ ಒತ್ತಿದಾಗ ಆಗಿನ ಹೊತ್ತಿಗೆ ಅವನ್ನು ಕೂಡಿ ಹೊಸದಾಗಿ ಮುಗಿಯುವ ಹೊತ್ತು ಲೆಕ್ಕ ಹಾಕಬೇಕು. ಒಂದೇ ಬಟನ್ ಎರಡೂ ಕೆಲಸ ಮಾಡುವ ಹಾಗೆ ಬರೆಯಿರಿ, ಆಮೇಲೆ ಅದನ್ನು ಟೈಮರ್ ಶುರುವಾಗುವ ಮೊದಲೇ ಒಮ್ಮೆ ಒತ್ತಿ ನೋಡಿ.